ನಮ್ಮ ತಾಲ್ಲೂಕಿನ ಗೋಡೆಗೂ ಒಂದು ಮೊಳೆ

ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಮ್ಮ ಕಾಲೇಜಿನ ಹುಡುಗರು ಕುಣಿದಿದ್ದಾರೆ, ಹಾಡಿದ್ದಾರೆ, ಮುಖ್ಯ ಅತಿಥಿಗಳ ಭಾಷಣ ಮುಗಿದಿದ್ದಕ್ಕೆ ಜೋರಾಗಿ ಚಪ್ಪಾಳೆ ಹೊಡೆದಿದ್ದಾರೆ. ಆದರೆ ಎಸ್.ಎಂ. ಪಂಡಿತ ಅಂದರೆ ಯಾರು? ಹಾಸ್ಟೆಲಿನಲ್ಲಿ ಒಂದು ಸಲ ಕೇಳಿ ನೋಡಿದೆ. ಒಬ್ಬ ‘ಸಂಗೀತಗಾರ ಇರಬೇಕು’ ಎಂದ. ಇನ್ನೊಬ್ಬ ‘ಹಳೇ ಎಂಎಲ್‌ಎ ಅಲ್ಲೇನು?’ ಎಂದ. ಮೂರನೆಯವನು ಸುಮ್ಮನೆ ಮೊಬೈಲ್ ತೆಗೆದ.

ಸಾಬಾನಂದ ಮೋನಪ್ಪ ಪಂಡಿತ ಚಿತ್ರಕಾರ. 1916ರಲ್ಲಿ ಇದೇ ಗುಲಬರ್ಗಾದಲ್ಲಿ ಹುಟ್ಟಿದವರು. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಇಲ್ಲಿಂದ ಮುಂಬೈಗೆ ಹೋಗಿ, ದಂಡಾವತಿಮಠರ ನೂತನ ಕಲಾ ಮಂದಿರದಲ್ಲಿ, ಆಮೇಲೆ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತರು. ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನು ಬರೆದರು, ಸಿನಿಮಾ ಪೋಸ್ಟರ್‌ಗಳನ್ನು ಬರೆದರು. ರಾಜ್ ಕಪೂರ್ ಅವರ ‘ಬರ್ಸಾತ್’ ಚಿತ್ರದ ಪೋಸ್ಟರ್ ಅವರದೇ. ಮುಂದೆ ರಾಧಾ–ಕೃಷ್ಣ, ವಿಶ್ವಾಮಿತ್ರ–ಮೇನಕೆಯರ ಚಿತ್ರಗಳು ಕ್ಯಾಲೆಂಡರ್‌ಗಳಲ್ಲಿ ಅಚ್ಚಾಗಿ ದೇಶದ ಮನೆಮನೆಯ ಗೋಡೆಗೆ ಏರಿದವು. 1993ರಲ್ಲಿ ತೀರಿಕೊಂಡರು. ಹಳ್ಳಿಯಲ್ಲಿ ವರ್ಷ ಮುಗಿದರೂ ದೇವರಿರುವ ಕ್ಯಾಲೆಂಡರ್ ಬಿಸಾಡುವುದಿಲ್ಲ, ತಾರೀಖಿನ ಭಾಗ ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸುತ್ತಾರೆ. ಹಾಗಾಗಿ ಗ್ಯಾಲರಿಯ ಮುಖ ನೋಡದ ನಮ್ಮ ಅಜ್ಜಿಯಂದಿರೂ ಪಂಡಿತರ ಚಿತ್ರಕ್ಕೆ ಊದುಬತ್ತಿ ಬೆಳಗಿರುವ ಸಾಧ್ಯತೆ ಬಹಳ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಬಾಲಕ ಪಂಡಿತರಿಗೆ ಗುಲಬರ್ಗಾದಲ್ಲಿ ಮೊದಲು ಕುಂಚ ಹಿಡಿಯಲು ಕಲಿಸಿದವರು ಶಂಕರರಾವ್ ಆಳಂದಕರ. ಅವರೂ ಜೆ.ಜೆ. ಶಾಲೆಯಲ್ಲಿ ಕಲಿತು ಬಂದವರೇ. ಹೆಸರಿನಲ್ಲೇ ಆಳಂದ ಇದೆ. ಮುಂಬೈಯಲ್ಲಿ ಕಲಿತ ಒಬ್ಬ ಮಾಸ್ತರರು ಇಲ್ಲಿದ್ದುದರಿಂದ ಇಲ್ಲಿನ ಒಬ್ಬ ಹುಡುಗನಿಗೆ ಮುಂಬೈಯ ದಾರಿ ಗೊತ್ತಾಯಿತು. ನಂತರದವರಲ್ಲಿ ಜೆ.ಎಸ್. ಖಂಡೇರಾವ್, ವಿ.ಜಿ. ಅಂದಾನಿ, ಎ.ಎಸ್. ಪಾಟೀಲರಂಥವರು ಕಲಬುರಗಿಯಲ್ಲೇ ನಿಂತರು, ಚಿತ್ರ ಬರೆದರು. ದಿ ಐಡಿಯಲ್ ಫೈನ್ ಆರ್ಟ್, ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯದಂಥ ಸಂಸ್ಥೆಗಳು ಈ ಊರಿನಲ್ಲಿ ಇರುವುದರಿಂದಲೇ ಇವತ್ತು ವರ್ಷಕ್ಕೆ ಒಂದೆರಡು ಸಲವಾದರೂ ಇಲ್ಲಿ ಚಿತ್ರಗಳು ಗೋಡೆಗೆ ಏರುತ್ತವೆ.

ನಾನು ಅಫಜಲಪುರ ತಾಲ್ಲೂಕಿನವನು, ಸಿವಿಲ್ ಓದುತ್ತಿದ್ದೇನೆ. ಕಲೆಗೂ ನನಗೂ ಇದ್ದ ಸಂಬಂಧ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನಷ್ಟೇ. ಗ್ಯಾಲರಿಗೆ ಎಳೆದುಕೊಂಡು ಹೋದವನು ಪಿಯು ಹಾಸ್ಟೆಲಿನ ಗೆಳೆಯ. ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಹಳ್ಳಿ ಅವನದು. ನಾನು 371(ಜೆ) ಪುಣ್ಯದಿಂದ ಬಿಇ ಸೀಟು ಹಿಡಿದೆ. ಅವನು ಮನೆಯಲ್ಲಿ ಜಗಳಾಡಿ ಬಿವಿಎ ಸೇರಿದ. ಬಿವಿಎ ಎಂದರೆ ನಾಲ್ಕು ವರ್ಷದ ದೃಶ್ಯಕಲಾ ಪದವಿ. ಅವನ ಊರಲ್ಲಿ ಎಲ್ಲರೂ ಅದನ್ನು ಬಿಬಿಎ ಎಂದು ತಿಳಿದಿದ್ದಾರೆ, ಅವನೂ ತಿದ್ದಲು ಹೋಗಿಲ್ಲ.

ವಾರ್ಷಿಕ ಪ್ರದರ್ಶನಕ್ಕೆ ಚಿತ್ರ ಕಳಿಸುವುದು ಎಷ್ಟು ಕಷ್ಟದ ಕೆಲಸ ಎಂಬುದು ಅವನ ಜೊತೆ ಓಡಾಡಿದ ಮೇಲೆ ತಿಳಿಯಿತು. ಮೊದಲು ಅರ್ಜಿ, ಚಿತ್ರದ ಫೋಟೊ, ಅಳತೆ, ಮಾಧ್ಯಮ ಯಾವುದು ಎಂಬ ವಿವರ. ಆಯ್ಕೆಯಾದರೆ ಚಿತ್ರವನ್ನೇ ತಂದು ಒಪ್ಪಿಸಬೇಕು, ಅದೂ ಕಟ್ಟು ಹಾಕಿಸಿ. ರಜೆಯಲ್ಲಿ ಊರಲ್ಲೇ ಕೂತು ಬರೆದ ಚಿತ್ರ ನಾಲ್ಕಡಿ ಅಗಲದ್ದು. ಅದನ್ನು ಕೆಕೆಆರ್‌ಟಿಸಿ ಬಸ್ಸಿನಲ್ಲಿ ಹೇಗೆ ತರುವುದು? ಕಂಡಕ್ಟರ್ ಒಂದು ಸಲ ನೋಡಿ, ‘ಇದು ಬಾಗಲಾನೋ ಏನ್ ಕಿಟಕಿನೋ?’ ಎಂದು ಕೇಳಿ ಇಳಿಸಿಬಿಟ್ಟರಂತೆ. ಕೊನೆಗೆ ಚೌಕಟ್ಟಿನ ಮೊಳೆಗಳನ್ನೆಲ್ಲ ಕಿತ್ತು, ಕ್ಯಾನ್ವಾಸನ್ನು ಬಣ್ಣ ಹೊರಮೈಗೆ ಬರುವಂತೆ ಪ್ಲಾಸ್ಟಿಕ್ ಪೈಪಿಗೆ ಸುತ್ತಿಕೊಂಡು ತಂದ. ಬಣ್ಣ ಒಳಗಾದರೆ ಸುತ್ತಿದಾಗ ಮುದುಡಿ ಬಿರುಕು ಬಿಡುತ್ತದೆ. ಹೊರಗಾದರೆ ತುಸು ಹಿಗ್ಗಿಕೊಂಡು ಉಳಿಯುತ್ತದೆ. ಮರದ ಪಟ್ಟಿಗಳನ್ನು ಬೇರೆ ಕಟ್ಟು ಕಟ್ಟಿದ್ದ. ಹಾಸ್ಟೆಲಿನ ಟೆರೇಸಿನಲ್ಲಿ ನಾಲ್ವರು ಸೇರಿ ಮತ್ತೆ ಬಿಗಿದೆವು. ಮೊದಲು ನಾಲ್ಕು ಅಂಚಿನ ನಡುವೆ ಒಂದೊಂದು ಮೊಳೆ, ಆಮೇಲೆ ಎದುರುಬದುರಾಗಿ ಮೂಲೆಯ ಕಡೆಗೆ. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಬಟ್ಟೆ ಸುಕ್ಕಾಗುತ್ತದೆ. ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಪೇಪರಿನಲ್ಲಿ ಅರ್ಥವಾಗದಿದ್ದ ಟೆನ್ಷನ್ ಅವತ್ತು ಬೆರಳಿಗೆ ಅರ್ಥವಾಯಿತು.

ಅವನ ಚಿತ್ರ 2020ರ ಅಕ್ಟೋಬರ್ ನೆರೆಯದು. ಆ ವರ್ಷ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ಎಷ್ಟೋ ಹಳ್ಳಿಗಳಿಗೆ ನುಗ್ಗಿತ್ತು. ಅವನು ನೀರನ್ನು ಬರೆದಿರಲಿಲ್ಲ. ನೀರು ಇಳಿದ ಮೇಲೆ ಉಳಿದ ಒಂದು ಪಡಸಾಲೆ ಬರೆದಿದ್ದ. ಗೋಡೆಯ ಮೇಲೆ ಅಡ್ಡಕ್ಕೆ ಕೆಸರಿನ ಗೆರೆ, ಗೆರೆಯ ಮೇಲೆ ಸುಣ್ಣ ಬೆಳ್ಳಗೆ, ಕೆಳಗೆ ಕಂದು. ಮೂಲೆಯಲ್ಲಿ ಮೊಳಕೆಯೊಡೆದ ತೊಗರಿ ಚೀಲ. ಅಷ್ಟೇ.

ಪ್ರದರ್ಶನದ ಎರಡನೇ ದಿನ ಅವನ ಅಪ್ಪ ಬಂದರು. ಬಂದದ್ದು ಗೊಬ್ಬರದ ಕೆಲಸಕ್ಕೆ, ಬಸ್ಸಿಗೆ ಇನ್ನೂ ಟೈಮಿದೆಯೆಂದು ಇತ್ತ ಬಂದಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಬೇಡ ಎಂದರೂ ಕೇಳಲಿಲ್ಲ. ಬೇರೆಯವರ ಚಿತ್ರಗಳ ಮುಂದೆ ಎರಡು ಕ್ಷಣ ನಿಂತು ಮುಂದೆ ಸಾಗಿದವರು ಮಗನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೈ ಎತ್ತಿ ತೋರಿಸಿ, ‘ನೀರು ಇಲ್ಲೀತನಕ ಅಲ್ಲೋ, ಇನ್ನೊಂದು ಗೇಣು ಮ್ಯಾಲ ಬಂದಿತ್ತು’ ಎಂದರು. ಆ ಹೊತ್ತಿಗೆ ಒಬ್ಬ ಹಿರಿಯ ಕಲಾವಿದರು ಅದೇ ಚಿತ್ರದ ಬಗ್ಗೆ ಸಂಯೋಜನೆ, ವರ್ಣಸಂಗತಿ ಎಂದು ಏನೋ ಹೇಳುತ್ತಿದ್ದರು. ಅವರೂ ಮಾತು ನಿಲ್ಲಿಸಿ ಗೆರೆಯನ್ನು ನೋಡಿದರು.

ಚಿತ್ರದ ಕೆಳಗೆ ಎಂಟು ಸಾವಿರ ರೂಪಾಯಿ ಎಂದು ಚೀಟಿ ಇತ್ತು. ‘ಯಾರ್ ತಗೋತಾರ?’ ಎಂದರು ಅಪ್ಪ. ಯಾರೂ ತಗೊಳ್ಳಲಿಲ್ಲ. ಕಟ್ಟಿಗೆ, ಬಣ್ಣಕ್ಕೆ ಅವನು ಹಾಕಿದ್ದು ಮೂರು ಸಾವಿರದ ಮೇಲೆ. ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿಸುವ ಅವನ ಕಾಕಾ ಸೂಪರ್‌ವೈಸರ್ ಮಾಡುತ್ತೇನೆ ಬಾ ಎಂದು ಎರಡು ವರ್ಷದಿಂದ ಕರೆಯುತ್ತಿದ್ದಾರೆ. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹೇಳಿದ್ದು ಇಷ್ಟು: ‘ಡಿಗ್ರಿ ಮುಗಿಸು. ಆಮ್ಯಾಲ ಒಂದು ವರ್ಷ ನೋಡಮು.’ ನಮ್ಮ ಕಡೆ ಇಷ್ಟು ಹೇಳಿದರೆ ಬಹಳ ಹೇಳಿದಂತೆ.

ಅದೇ ಗೋಡೆಯ ಇನ್ನೊಂದು ತುದಿಗೆ ಆಳಂದ ತಾಲ್ಲೂಕಿನ ಒಬ್ಬ ಅಕ್ಕ ತನ್ನ ಅಜ್ಜಿಯ ಕೌದಿಯ ತುಂಡುಗಳ ಮೇಲೆ ತೊಗರಿ ಹಸನು ಮಾಡುವ ಹೆಣ್ಣುಮಕ್ಕಳ ಚಿತ್ರಗಳನ್ನು ದಾರದಲ್ಲೇ ಹೊಲಿದು ತೂಗುಹಾಕಿದ್ದರು. ಅದು ಹೊಲಿಗೆಯೋ ಚಿತ್ರವೋ ಎಂದು ಬಂದವರು ಚರ್ಚೆ ಮಾಡುತ್ತಿದ್ದರು. ಅಕ್ಕನ ಚಿಂತೆ ಬೇರೆ. ಮನೆಯಲ್ಲಿ ವರ ನೋಡುತ್ತಿದ್ದಾರೆ. ಎಂವಿಎಗೆ ಸೀಟು ಸಿಕ್ಕರೆ ಎರಡು ವರ್ಷ ಮುಂದೂಡಬಹುದು. ಸರ್ಟಿಫಿಕೇಟು ಇದ್ದರೆ ಅಪ್ಪನ ಮುಂದೆ ಇಡಲು ಏನಾದರೂ ಇರುತ್ತದೆ ಎಂದರು. ಪ್ರದರ್ಶನದ ಪ್ರಮಾಣಪತ್ರಕ್ಕೆ ಇಂಥ ಉಪಯೋಗ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಈ ಪುಟ ಓದುವವರಲ್ಲಿ ಕೆಲಸ ಹುಡುಕುವವರೇ ಹೆಚ್ಚು, ಆದ್ದರಿಂದ ಆ ಮಾತೂ ಬೇಕು. ಚಿತ್ರ ಮಾರಿಯೇ ಬದುಕುವವರು ಕಡಿಮೆ. ಹಿಂದೆ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾಗಿ, ಡ್ರಾಯಿಂಗ್ ಮಾಸ್ತರ ಕೆಲಸ ಹಿಡಿಯುವುದು ಖಾತ್ರಿಯ ದಾರಿ ಎನಿಸಿತ್ತು. ಈಗ ಅದಕ್ಕೆ ಕಾಯುತ್ತ ಕೂರುವವರು ಕಡಿಮೆ. ಗೆಳೆಯನ ಸೀನಿಯರ್‌ಗಳು ಅನಿಮೇಷನ್, ಆ್ಯಪ್ ವಿನ್ಯಾಸ, ಪುಸ್ತಕದ ಚಿತ್ರ, ಸಿನಿಮಾ ಸೆಟ್ಟು ಎಂದು ಹಂಚಿಹೋಗಿದ್ದಾರೆ. ಇವರೆಲ್ಲರಿಗೂ ಕೆಲಸ ಕೊಡುವವರು ಮೊದಲು ಕೇಳಿದ್ದು ಅಂಕಪಟ್ಟಿಯನ್ನಲ್ಲ, ಮಾಡಿದ ಕೆಲಸವನ್ನು, ಅದನ್ನು ಎಲ್ಲಿ ತೋರಿಸಿದ್ದೀರಿ ಎಂಬುದನ್ನು. 1964ರಲ್ಲಿ ಶುರುವಾದ ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ಆಯ್ಕೆಯಾದರೆ ಆ ಸಾಲಿಗೆ ತೂಕ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಒಂದು ಜಾಗ ಸಿಕ್ಕರೆ ಒಂದೇ ದಿನದಲ್ಲಿ ಸಾವಿರಾರು ಜನ ನೋಡುತ್ತಾರೆ. ಆದರೆ ಕಲಬುರಗಿಯಲ್ಲಿ ಮೊದಲ ಸಲ ಗೋಡೆಗೆ ಏರದವನು ಬೆಂಗಳೂರಿಗೆ ಅರ್ಜಿ ಹಾಕುವ ಧೈರ್ಯ ಮಾಡುವುದು ಕಷ್ಟ.

ಹಾಗೆಯೇ ನಮ್ಮ ತಾಲ್ಲೂಕುಗಳಿಂದ ಕಲಬುರಗಿಗೆ. ಆಳಂದ, ಜೇವರ್ಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು, ಅಫಜಲಪುರದಿಂದ ಇನ್ನೂ ದೂರ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿ ಸಂಗೀತ ಮತ್ತು ಲಲಿತಕಲೆಯ ವಿಭಾಗವೂ ಇದೆ. ಆದರೆ ಆ ರಸ್ತೆಯಲ್ಲಿ ದಿನಾ ಓಡಾಡುವ ಹೈಸ್ಕೂಲು ಮಕ್ಕಳಲ್ಲಿ ಒಂದು ಎಣ್ಣೆಬಣ್ಣದ ಚಿತ್ರವನ್ನು ಹತ್ತಿರ ನಿಂತು ನೋಡಿದವರು ಎಷ್ಟು ಮಂದಿ?

ನಮ್ಮಲ್ಲಿ ಕಲಾವಿದರಿಲ್ಲ ಎನ್ನುವ ಹಾಗೂ ಇಲ್ಲ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ, ಸನ್ನತಿಯ ಹತ್ತಿರ, ಅಶೋಕ ಚಕ್ರವರ್ತಿಯ ಹೆಸರು ಬ್ರಾಹ್ಮಿಯಲ್ಲಿ ಕೊರೆದಿರುವ ಉಬ್ಬುಶಿಲ್ಪ ಸಿಕ್ಕಿದೆ. ಅದೂ ಭೀಮೆಯ ದಂಡೆಯೇ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಮ್ಮೂರಲ್ಲಿ ಒಬ್ಬ ಪೇಂಟರ್ ಕಾಕಾ ಇದ್ದಾರೆ. ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರೇಲಿಯ ಹಿಂದಿನ ಹುಲಿ, ಗುಡಿಯ ಗೋಡೆಯ ನಂದಿ ಎಲ್ಲವೂ ಅವರ ಕೈಯವು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು. ಈಗ ಸರ್ಕಾರಿ ಶಾಲೆಗಳ ಗೋಡೆಗೆ ನಲಿ–ಕಲಿ ಚಿತ್ರ ಬರೆಯುತ್ತಾರೆ, ಇಡೀ ಶಾಲೆಯನ್ನೇ ರೈಲಿನಂತೆ ಬಣ್ಣ ಬಳಿದು ಕೊಡುತ್ತಾರೆ. ಸ್ಕೇಲಿಲ್ಲದೆ ಹನ್ನೆರಡಡಿ ಗೆರೆ ಎಳೆದರೂ ಓರೆಯಾಗದು. ಅವರ ಹೆಸರಿನ ಚೀಟಿ ಇರುವ ಒಂದು ಚಿತ್ರವೂ ಯಾವ ಗೋಡೆಯ ಮೇಲೂ ಇಲ್ಲ. ಕಲಬುರಗಿಯ ಪ್ರದರ್ಶನದ ವಿಷಯ ಹೇಳಿದಾಗ, ‘ಅದೆಲ್ಲ ಓದಿದವರದ್ದಪ್ಪ’ ಎಂದು ಬ್ರಷ್ ತೊಳೆಯಲು ಎದ್ದರು.

ಇದನ್ನು ಕೇಳಿದ ಮೇಲೆ ಗೆಳೆಯ, ನಾನು, ಕೌದಿಯ ಅಕ್ಕ ಸೇರಿ ಒಂದು ಲೆಕ್ಕ ಹಾಕಿದೆವು. ದೊಡ್ಡ ಗ್ಯಾಲರಿ ಕಟ್ಟಿಸಿ ಎಂದು ಮನವಿ ಕೊಟ್ಟರೆ ನಮ್ಮ ಮಕ್ಕಳ ಕಾಲಕ್ಕೆ ಅಡಿಗಲ್ಲು ಬೀಳಬಹುದು. ಅದರ ಬದಲು ಕಲಬುರಗಿಯಲ್ಲಿ ಪ್ರದರ್ಶನ ಮುಗಿದ ಮೇಲೆ ಮೂರೂ ತಾಲ್ಲೂಕಿನವರ ಇಪ್ಪತ್ತು ಚಿತ್ರಗಳನ್ನು ವಾಪಸ್ ಮನೆಗೆ ಒಯ್ಯುವ ಮೊದಲು ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಎರಡೆರಡು ದಿನ ತೋರಿಸಿದರೆ ಹೇಗೆ? ಬಾಡಿಗೆಗೆ ಒಂದು ಟಾಟಾ ಏಸ್ ಸಾಕು. ಸಮುದಾಯ ಭವನದ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಅದಕ್ಕೆ ಎರಡು ಕಂಬದ ನಡುವೆ ಸ್ಟೀಲ್ ತಂತಿ ಬಿಗಿದು, ಕೊಕ್ಕೆಯಿಂದ ಇಳಿಬಿಡುವ ಒಂದು ವಿನ್ಯಾಸ ಮಾಡಿದ್ದೇನೆ. ಪ್ರತಿ ಚಿತ್ರ ಐದು ಕಿಲೋ ಎಂದು ಹಿಡಿದು ತಂತಿಯ ಜೋಲು ಎಷ್ಟಾಗುತ್ತದೆ ಎಂದು ಲೆಕ್ಕ ತೆಗೆದೆ. ನಡುವೆ ಒಂದು ಆಸರೆ ಕೊಟ್ಟರೆ ತಡೆಯುತ್ತದೆ. ಟ್ಯೂಬ್‌ಲೈಟು ಗಾಜಿನ ಮೇಲೆ ಹೊಳೆಯದಂತೆ ಚಿತ್ರದ ತಲೆ ತುಸು ಮುಂದೆ ಬಾಗಬೇಕು, ಅದಕ್ಕೂ ಕೊಕ್ಕೆಯಲ್ಲೇ ಉಪಾಯವಿದೆ. ಪೇಂಟರ್ ಕಾಕಾನಿಗೆ ಒಂದು ಪ್ಲೈವುಡ್ ಹಲಗೆ ಕೊಟ್ಟು, ಏನು ಬೇಕಾದರೂ ಬರೆಯಿರಿ, ಕೆಳಗೆ ನಿಮ್ಮ ಹೆಸರು ಬರೆಯಿರಿ ಎಂದಿದ್ದೇವೆ. ಹದಿನೈದು ದಿನವಾಯಿತು, ಹಲಗೆಗೆ ಬಿಳಿ ಬಣ್ಣ ಬಳಿದು ಒಣಗಿಸಿ ಇಟ್ಟಿದ್ದಾರೆ. ಏನು ಬರೆಯುತ್ತಾರೋ ಹೇಳುತ್ತಿಲ್ಲ.

ಗೆಳೆಯ ತನ್ನ ಚಿತ್ರದ ಕೆಸರಿನ ಗೆರೆಯನ್ನು ಒಂದು ಗೇಣು ಮೇಲಕ್ಕೆ ಏರಿಸಿ ಮತ್ತೆ ಬರೆದಿದ್ದಾನೆ. ಅಫಜಲಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ತಂತಿಯ ರೇಟು ವಿಚಾರಿಸಿ ಬಂದಿದ್ದೇನೆ. ಸಮುದಾಯ ಭವನದ ಕೀಲಿ ಯಾರ ಹತ್ತಿರ ಇದೆ ಎಂಬುದೊಂದು ಇನ್ನೂ ಗೊತ್ತಾಗಬೇಕು.