ಕುಲಾಂತರಿ ಆಹಾರದ ನಾಮನಿರ್ದೇಶ

ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ ಮತ್ತೊಂದರಲ್ಲಿ ಸೇರಿಸಿ ಪಡೆದ ಬೆಳೆಗೆ ಕನ್ನಡದಲ್ಲಿ ‘ಕುಲಾಂತರಿ’ ಎಂಬ ಹೆಸರು ರೂಢವಾಗಿದೆ. ‘ಅನ್ಯತ್ ಕುಲಂ ಕುಲಾಂತರಂ’ ಎಂದು ಇದರ ವಿಗ್ರಹ. ಅದರ ಮೇಲೆ ಮತ್ವರ್ಥದ ‘ಇನ್’ ಪ್ರತ್ಯಯವು ಬಂದು, ಬೇರೊಂದು ಕುಲವನ್ನುಳ್ಳದ್ದು ಎಂಬ ಅರ್ಥವು ಸಿದ್ಧಿಸುವುದು. 2002ರಲ್ಲಿ ಭಾರತದಲ್ಲಿ ಬೇಸಾಯಕ್ಕೆ ಅನುಮತಿ ಪಡೆದ ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಒಂದು ಸೂಕ್ಷ್ಮಾಣುವಿನ ವಂಶವಾಹಿಯಿರುವುದರಿಂದ ಈ ವ್ಯುತ್ಪತ್ತಿಯು ಯುಕ್ತವೇ ಸರಿ.

ಆದರೆ ಶಬ್ದಕ್ಕೆ ವಾಚ್ಯಾರ್ಥದೊಡನೆ ಧ್ವನಿಯೂ ಉಂಟು. ನಿಪ್ಪಾಣಿ ತಾಲೂಕಿನ ಬೇಡಕಿಹಾಳದಂತಹ ಗಡಿಯೂರುಗಳಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಬಳಕೆಯಲ್ಲಿದೆ. ಮರಾಠಿಯಲ್ಲಿ ಇದೇ ವಸ್ತುವನ್ನು ಹೆಚ್ಚಾಗಿ ‘ಜನುಕೀಯ ಸುಧಾರಿತ’ ಎನ್ನುವರು. ‘ಸುಧಾರಿತ’ವೆಂದೊಡನೆ ಗುಣವೃದ್ಧಿಯಾಯಿತೆಂಬ ಪ್ರಶಂಸೆಯು ತೋರುವುದು. ‘ಕುಲಗೆಟ್ಟ’ ಎಂಬುದು ಬೈಗುಳಾಗಿರುವ ಕನ್ನಡದಲ್ಲಾದರೋ ‘ಕುಲಾಂತರಿ’ಗೆ ದೋಷದ ಛಾಯೆಯು ತಗಲುವುದು. ವಸ್ತುವೊಂದೇ ಆಗಿರಲು, ಒಂದು ಹೆಸರು ಕೊಳ್ಳೆಂದು ಪ್ರೇರಿಸುವುದು, ಇನ್ನೊಂದು ಹಿಂಜರಿಸುವುದು.

ಈ ವಿಚಾರವು ಕೇವಲ ನಿಘಂಟಿಗೆ ಸಂಬಂಧಿಸಿದುದಲ್ಲ. ಉಣ್ಣುವವನು ಕಣ್ಣಿನಿಂದಾಗಲಿ ರುಚಿಯಿಂದಾಗಲಿ ಈ ಭೇದವನ್ನು ಅರಿಯಲಾರನು; ಪ್ರತ್ಯಕ್ಷವೂ ಅನುಮಾನವೂ ಇಲ್ಲಿ ಸಲ್ಲವು. ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಲ್ಲಿ ವಂಶವಾಹಿಯು ಬಹುಮಟ್ಟಿಗೆ ಉಳಿಯದಿರುವುದರಿಂದ ಪರೀಕ್ಷಕನಿಗೂ ಮೂಲನಿರ್ಣಯವು ಕಷ್ಟ. ಆದುದರಿಂದ ಪೊಟ್ಟಣದ ಮೇಲಿನ ಬರಹವೇ ಅವನಿಗೆ ಉಳಿದ ಶಬ್ದಪ್ರಮಾಣ.

2013ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮವು, ಇಂತಹ ಆಹಾರದ ಪೊಟ್ಟಣದ ಮುಖಭಾಗದ ಮೇಲ್ತುದಿಯಲ್ಲಿ ‘ಜಿ.ಎಂ.’ ಎಂದು ಬರೆಯಬೇಕೆಂದು ವಿಧಿಸಿತು. ಈ ಸಂಕೇತದಲ್ಲಿ ಪ್ರಶಂಸೆಯಿಲ್ಲ, ನಿಂದೆಯಿಲ್ಲ. ಸಂಕೇತವನ್ನರಿಯದವನಿಗೆ ಅರ್ಥವೂ ಇಲ್ಲ. ಪೊಟ್ಟಣದ ವಿವರಗಳು ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರತಕ್ಕದ್ದೆಂಬುದು ಕೇಂದ್ರದ ವಿಧಿ. ಇತರ ಭಾಷೆಗಳನ್ನು ಸೇರಿಸಲು ಅವಕಾಶವುಂಟು, ನಿರ್ಬಂಧವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು 2021ರ ನವೆಂಬರಿನಲ್ಲಿ ಹೊರಡಿಸಿದ ಕರಡು, ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚಿನ ಅಂಶವಿದ್ದಲ್ಲಿ ಅದನ್ನು ಪ್ರಕಟಿಸಬೇಕೆಂದು ಸೂಚಿಸಿತು. ಯುರೋಪಿನ ಒಕ್ಕೂಟದಲ್ಲಿ, ತಿಳಿಯದೆ ಬೆರೆತ ಅಂಶಕ್ಕೆ ಶೇಕಡಾ 0.9ರವರೆಗೆ ಮಾತ್ರ ವಿನಾಯಿತಿಯುಂಟು. ಪ್ರಮಾಣದ ಮಿತಿಯನ್ನು ಕುರಿತು ಹೀಗೆ ಚರ್ಚೆಯು ನಡೆದಿದೆ; ಪದವನ್ನು ಕುರಿತ ವಿವೇಚನೆಯೂ ಅಷ್ಟೇ ಅವಶ್ಯಕ.

ಆಪ್ತವಾಕ್ಯಕ್ಕೆ ಎರಡು ಗುಣಗಳು ಬೇಕು: ಅದು ಯಥಾರ್ಥವಾಗಿರಬೇಕು, ಕೇಳುವವನಿಗೆ ತಿಳಿಯುವಂತಿರಬೇಕು. ‘ವಂಶವಾಹಿ ಮಾರ್ಪಡಿಸಿದ ಬೆಳೆಯಿಂದ ಆದುದು’ ಎಂಬ ಕನ್ನಡ ವಾಕ್ಯವು ‘ಸುಧಾರಿತ’ದ ಹೊಗಳಿಕೆಯನ್ನೂ ‘ಕುಲಾಂತರಿ’ಯ ಕಳಂಕವನ್ನೂ ಬಿಟ್ಟು, ನಡೆದ ಕಾರ್ಯವನ್ನಷ್ಟೇ ಹೇಳುವುದು. ಶಾಸ್ತ್ರದಲ್ಲಿ ‘ಕುಲಾಂತರಿ’ಯು ನಿಲ್ಲಲಿ, ಪೊಟ್ಟಣದ ಮೇಲೆ ಈ ವಾಕ್ಯವೇ ಲೇಸು. ಕೊಳ್ಳುವುದೋ ಬಿಡುವುದೋ ಎಂಬ ನಿರ್ಣಯವು ಓದಿದವನಿಗೆ ಸೇರಿದ್ದು.