ಮಕ್ಕಳ ಆಟಕ್ಕೆ ಮನೆಯದೇ ಸರ್ವರ್

ರಜೆ ಬಂದರೆ ಸಾಕು, ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಗೆಳೆಯರನ್ನು ಕೇಳುವ ಮೊದಲ ಮಾತು ‘ಯಾವ ಸರ್ವರ್?’ ಎಂದು. ಅದು ಎಷ್ಟೋ ಸಲ ಯಾವುದೋ ದೇಶದಲ್ಲಿ ಯಾರೋ ನಡೆಸುವ ಸಾರ್ವಜನಿಕ ಸರ್ವರ್ ಆಗಿರುತ್ತದೆ. ಅಲ್ಲಿ ಚಾಟ್‌ನಲ್ಲಿ ಮಾತಿಗೆಳೆಯುವವರು ಯಾರು, ಅವರ ವಯಸ್ಸೆಷ್ಟು ಎಂಬುದು ಮನೆಯವರಿಗೆ ಗೊತ್ತಾಗುವುದಿಲ್ಲ. ಎಂಟು–ಹತ್ತು ಮಕ್ಕಳ ಗುಂಪಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ: ಮನೆಯ ಕಂಪ್ಯೂಟರಿನಲ್ಲೇ ಸರ್ವರ್ ಇಟ್ಟುಕೊಳ್ಳುವುದು.

ಒಂದು ಸಂಜೆಯ ಕೆಲಸ

ಆಟವನ್ನು ಪ್ರತಿಯೊಬ್ಬರೂ ಕೊಳ್ಳಬೇಕು. ಜಾವಾ ಆವೃತ್ತಿಯ ಸರ್ವರ್ ತಂತ್ರಾಂಶ ಮಾತ್ರ ಉಚಿತ. ಮೊದಲ ಸಲ ಓಡಿಸಿದಾಗ ಅದು ತಕ್ಷಣ ನಿಂತುಬಿಡುತ್ತದೆ. ಫೋಲ್ಡರಿನಲ್ಲಿ ‘ಇಯುಎಲ್‌ಎ’ ಎಂಬ ಕಡತ ಹುಟ್ಟಿಕೊಂಡಿರುತ್ತದೆ. ಷರತ್ತು ಓದಿ, ಅದರಲ್ಲಿ ‘ಫಾಲ್ಸ್’ ಎಂದಿರುವಲ್ಲಿ ‘ಟ್ರೂ’ ಎಂದು ಬರೆದು ಮತ್ತೆ ಓಡಿಸಿದರೆ ಹೊಸ ಲೋಕ ಸಿದ್ಧ. ಒಂದೇ ವೈಫೈನಲ್ಲಿರುವವರಿಗೆ ಅಷ್ಟು ಸಾಕು. ಹೊರಗಿನ ಗೆಳೆಯರು ಬರಬೇಕಾದರೆ ರೂಟರಿನಲ್ಲಿ 25565ನೇ ಪೋರ್ಟನ್ನು ಆ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಬೇಕು. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ಅನೇಕ ಇಂಟರ್ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವುದರಿಂದ ಹೊರಗಿನವರು ನಿಮ್ಮ ರೂಟರಿನ ತನಕ ತಲುಪುವುದೇ ಇಲ್ಲ. ಆಗ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಸರ್ವರನ್ನು ಬಾಡಿಗೆಗೆ ಹಿಡಿಯಬೇಕು.

50 ಮಿಲಿಸೆಕೆಂಡಿನ ಲೆಕ್ಕ

ಸರ್ವರ್ ಸೆಕೆಂಡಿಗೆ 20 ಬಾರಿ ಲೋಕದ ಲೆಕ್ಕ ಹಾಕುತ್ತದೆ: ಕುರಿ ಎತ್ತ ನಡೆಯಿತು, ಗೋಧಿ ಎಷ್ಟು ಬೆಳೆಯಿತು, ಯಾರು ಯಾವ ಕಲ್ಲು ಒಡೆದರು. ಒಂದು ಸುತ್ತಿಗೆ ಸಿಗುವುದು 50 ಮಿಲಿಸೆಕೆಂಡ್. ಅದು ಮೀರಿದರೆ ಒಡೆದ ಕಲ್ಲು ಮತ್ತೆ ಕಾಣಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ರ‍್ಯಾಮ್ ಸೇರಿಸಿದ ಮಾತ್ರಕ್ಕೆ ಇದು ಸರಿಹೋಗದು; ಈ ಲೆಕ್ಕದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುತ್ತದೆ. ಸೆಟ್ಟಿಂಗ್ಸ್ ಕಡತದಲ್ಲಿ ಸಿಮ್ಯುಲೇಷನ್ ಡಿಸ್ಟೆನ್ಸ್ 10 ಇರುವುದನ್ನು 6ಕ್ಕೆ ಇಳಿಸಿ. ಪ್ರತಿ ಆಟಗಾರನ ಸುತ್ತ ಲೆಕ್ಕಕ್ಕೆ ಬರುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಬಾಗಿಲು ಕಾಯುವವರು

ಹಾಕುವುದು ಸುಲಭ, ನಡೆಸುವುದಕ್ಕೆ ನಿಗಾ ಬೇಕು. ಕೆನಡಾದ ಸ್ಟುವರ್ಟ್ ಡಂಕನ್ ಆಟಿಸಂ ಇರುವ ಮಗನ ತಂದೆ. ಇಂಥ ಮಕ್ಕಳನ್ನು ಸಾರ್ವಜನಿಕ ಸರ್ವರ್‌ಗಳಲ್ಲಿ ಗೋಳು ಹೊಯ್ದುಕೊಳ್ಳುತ್ತಾರೆಂದು ತಿಳಿದು, 2013ರಲ್ಲಿ ಅವರಿಗಾಗಿಯೇ ‘ಆಟ್‌ಕ್ರಾಫ್ಟ್’ ಸರ್ವರ್ ತೆರೆದರು. ಅನುಮತಿ ಪಡೆದವರಿಗಷ್ಟೇ ಅಲ್ಲಿ ಪ್ರವೇಶ. ಆ ವೈಟ್‌ಲಿಸ್ಟ್ ಸೌಲಭ್ಯ ಎಲ್ಲ ಸರ್ವರ್‌ಗಳಲ್ಲೂ ಇದೆ. ಮೊದಲ ದಿನವೇ ಆನ್ ಮಾಡಿ. ಬೀದಿಯಲ್ಲಿ ಮಕ್ಕಳು ಆಡುವಾಗ ಜಗಲಿಯ ಮೇಲೆ ಕೂತು ಒಂದು ಕಣ್ಣಿಟ್ಟಿರುತ್ತಿದ್ದ ಹಿರಿಯರ ಕೆಲಸವೇ ಇದು.

ಅಪ್‌ಡೇಟ್ ತಪ್ಪಿಸಬೇಡಿ. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್4ಜೆ ದೋಷದಿಂದ, ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿಯೇ ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು. ಬ್ಯಾಕಪ್ ತೆಗೆಯುವಾಗ ಸರ್ವರ್ ನಿಲ್ಲಿಸಿಯೇ ಲೋಕದ ಫೋಲ್ಡರನ್ನು ನಕಲು ಮಾಡಿ. ಓಡುತ್ತಿರುವಾಗ ತೆಗೆದ ನಕಲು ಕೆಟ್ಟಿರಬಹುದು. ತಿಂಗಳುಗಟ್ಟಲೆ ಕಟ್ಟಿದ ಕೋಟೆ ಅಳಿಸಿಹೋದರೆ ಮಕ್ಕಳಿಗಾಗುವ ನೋವು ಸಣ್ಣದಲ್ಲ.

ಈ ವಾರಾಂತ್ಯ ಶುರುಮಾಡುವುದಾದರೆ ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾರನ್ನು ಸೇರಿಸಬೇಕು, ಜಗಳವಾದರೆ ಏನು ಮಾಡಬೇಕು ಎಂಬ ನಿಯಮಗಳನ್ನು ಅವರೇ ಬರೆಯಲಿ, ಬ್ಯಾಕಪ್ ಅವರೇ ತೆಗೆಯಲಿ. ಪೋರ್ಟ್, ಐಪಿ ಎಂದರೇನೆಂದು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಹತ್ತು ಜನ ಕೂಡಿ ಆಡುವ ಜಾಗದ ಹೊಣೆ ಹೊರುವುದನ್ನೂ ಕಲಿಯುತ್ತಾರೆ.