ಶಿಬ್ಬೊಲೆತ್ ಅಂದರೆ ಒಳಗೆ ಬನ್ನಿ

ಕ್ಯಾಂಪಸ್ ವೈಫೈನಲ್ಲಿ ಸಲೀಸಾಗಿ ತೆರೆದುಕೊಳ್ಳುವ ಐಇಇಇ ಪೇಪರು, ಮನೆಗೆ ಹೋಗಿ ಮೊಬೈಲ್ ಡೇಟಾದಲ್ಲಿ ತೆರೆದರೆ ದುಡ್ಡು ಕೇಳುತ್ತದೆ. ಓದುವವರು ಅದೇ ನೀವು, ಚಂದಾ ಕಟ್ಟಿದ್ದು ಅದೇ ಕಾಲೇಜು. ಆದರೆ ಪ್ರಕಾಶಕರ ಸರ್ವರ್ ನಿಮ್ಮನ್ನು ನೋಡೋದೇ ಇಲ್ಲ, ನೋಡೋದು ಐಪಿ ವಿಳಾಸವನ್ನು. ಹಾಗಾಗಿ ಯಾರೋ ಹೊರಗಿನವರು ನಮ್ಮ ಲ್ಯಾಬಲ್ಲಿ ಕೂತರೆ ಓದಬಹುದು, ರಜೆಯಲ್ಲಿ ಊರಿಂದ ಪ್ರಾಜೆಕ್ಟ್ ರಿಪೋರ್ಟ್ ಬರೆಯೋ ವಿದ್ಯಾರ್ಥಿ ಮಾತ್ರ ಓದೋ ಹಾಗಿಲ್ಲ!

ಕೆಳಗೆ ಕೇಬಲ್ಲು, ಸ್ವಿಚ್ಚು, ರೂಟರು. ಮೇಲೆ ನಾವು ಬಳಸುವ ಆ್ಯಪ್‌ಗಳು. ಇವೆರಡರ ನಡುವೆ ನಿಂತು 'ಇವರು ಯಾರು, ಇವರಿಗೆ ಏನು ಸಲ್ಲಬೇಕು' ಅಂತ ತೀರ್ಮಾನಿಸೋ ತಂತ್ರಾಂಶದ ಪದರವನ್ನೇ ವಿಶ್ವವಿದ್ಯಾಲಯಗಳ ಲೋಕದಲ್ಲಿ ಮಿಡಲ್‌ವೇರ್ ಅನ್ನುತ್ತಾರೆ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಿಂದ ಹುಟ್ಟಿದ ಕರ್ಬರೋಸ್ ಇದಕ್ಕೆ ಹಳೆಯ ಉದಾಹರಣೆ. ಅದರಲ್ಲಿ ಪಾಸ್‌ವರ್ಡ್ ನೆಟ್‌ವರ್ಕಿನ ಮೇಲೆ ಓಡಾಡುವುದೇ ಇಲ್ಲ. ಬದಲಿಗೆ ಕೆಲವೇ ಗಂಟೆ ನಡೆಯುವ ಟಿಕೆಟ್ ಸಿಗುತ್ತದೆ. ನಮ್ಮ ಬಸ್ ಪಾಸ್ ಇದ್ದ ಹಾಗೆ: ಕೌಂಟರಿನಲ್ಲಿ ಒಮ್ಮೆ ದಾಖಲೆ ತೋರಿಸಿದರೆ ಆಯ್ತು, ಕಂಡಕ್ಟರಿಗೆ ದಿನಾ ಶುಲ್ಕದ ರಸೀದಿ ತೋರಿಸಬೇಕಿಲ್ಲ.

ಒಂದು ಕ್ಯಾಂಪಸ್ಸಿನೊಳಗೆ ಇದು ಸಾಕು. ಬೇರೆ ಸಂಸ್ಥೆಯ ಬಾಗಿಲಿಗೆ ಹೋದಾಗ? ಇಂಟರ್ನೆಟ್2 ಒಕ್ಕೂಟದವರು 2000ದಲ್ಲಿ ಕೈಗೆತ್ತಿಕೊಂಡು 2003ರಲ್ಲಿ ಮೊದಲ ಆವೃತ್ತಿ ಹೊರತಂದ ಶಿಬ್ಬೊಲೆತ್ ಇದಕ್ಕೆ ಉತ್ತರ. ಹೆಸರು ಬೈಬಲಿನದು. ಸೋತು ಓಡುತ್ತಿದ್ದ ಎಫ್ರಾಯಿಮರನ್ನು ಜೋರ್ಡನ್ ನದಿಯ ದಾಟುಗಳಲ್ಲಿ ತಡೆದು 'ಶಿಬ್ಬೊಲೆತ್' ಅನ್ನಿಸುತ್ತಿದ್ದರಂತೆ. 'ಸಿಬ್ಬೊಲೆತ್' ಅಂದವರ ಕತೆ ಮುಗೀತು. ಶಂಕರನನ್ನು ಸಂಕರ ಮಾಡುವ ನಮ್ಮಲ್ಲಿ ಎಷ್ಟು ಜನ ಆ ನದಿ ದಾಟುತ್ತಿದ್ದೆವೋ!

ಕೆಲಸ ಮಾಡುವ ರೀತಿ ನೋಡಿ. ಪ್ರಕಾಶಕರ ತಾಣಕ್ಕೆ ಹೋಗಿ ನಿಮ್ಮ ಸಂಸ್ಥೆಯ ಹೆಸರು ಆರಿಸುತ್ತೀರಿ. ತಾಣ ನಿಮ್ಮನ್ನು ನಿಮ್ಮ ಕಾಲೇಜಿನ ಲಾಗಿನ್ ಪುಟಕ್ಕೇ ವಾಪಸ್ ಕಳಿಸುತ್ತದೆ. ಪಾಸ್‌ವರ್ಡ್ ಅಲ್ಲಿ ಮಾತ್ರ. ಕಾಲೇಜಿನ ಸರ್ವರ್ ಪರೀಕ್ಷಿಸಿ, ತನ್ನ ಡಿಜಿಟಲ್ ಸಹಿ ಹಾಕಿದ ಚೀಟಿಯೊಂದನ್ನು ನಿಮ್ಮ ಬ್ರೌಸರ್ ಕೈಲಿ ಕೊಟ್ಟು ಕಳಿಸುತ್ತದೆ: 'ಇವರು ನಮ್ಮವರು.' ಆ ಸಹಿಯನ್ನು ನಂಬೋಕೆ ಸಾಮಾನ್ಯವಾಗಿ ಇಬ್ಬರೂ ಒಂದೇ ಒಕ್ಕೂಟದಲ್ಲಿರುತ್ತಾರೆ. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಅಂಥದ್ದು.

ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸೋದು ಆ ಚೀಟಿಯಲ್ಲಿ ಏನಿರುತ್ತೆ ಅನ್ನೋದು. 'ವಿದ್ಯಾರ್ಥಿ' ಅಥವಾ 'ಸದಸ್ಯ' ಎಂಬ ಒಂದೇ ಪದ ಸಾಕು. ಹೆಸರು, ಯುಎಸ್‌ಎನ್, ಇಮೇಲ್ ಯಾವುದೂ ಬೇಕಿಲ್ಲ. ನೀವು ಯಾವ ರೋಗದ ಬಗ್ಗೆ, ಯಾವ ರಾಜಕೀಯದ ಬಗ್ಗೆ ಓದಿದಿರಿ ಅಂತ ಪ್ರಕಾಶಕರಿಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಆದರೆ ಏನು ಕಳಿಸಬೇಕು ಅಂತ ನಿರ್ಧರಿಸೋದು ಕಾಲೇಜಿನ ಅಡ್ಮಿನ್. ಎಲ್ಲವನ್ನೂ ಕಳಿಸುವ ಹಾಗೆ ಹೊಂದಿಸಿಬಿಟ್ಟರೆ ತಂತ್ರಾಂಶ ಬೇಡ ಅನ್ನಲ್ಲ. ಪಾಸಾಗಿ ಹೋದವರನ್ನು ಪಟ್ಟಿಯಿಂದ ತೆಗೆಯದೆ 'ವಿದ್ಯಾರ್ಥಿ' ಅಂತಲೇ ಉಳಿಸಿದರೆ, ಆ ಸುಳ್ಳಿಗೂ ಅಷ್ಟೇ ನಿಷ್ಠೆಯಿಂದ ಸಹಿ ಹಾಕುತ್ತದೆ.

ಎಜುರೋಮ್ ವೈಫೈ ಕೂಡ ಇದೇ ಜಾತಿಯದು. ಭಾರತದಲ್ಲಿ ಅದನ್ನು ನೋಡಿಕೊಳ್ಳೋದು ಅರ್ನೆಟ್. ಬೇರೆ ಊರಿನ ಕ್ಯಾಂಪಸ್ಸಿಗೆ ಹೋದಾಗಲೂ ನಿಮ್ಮ ಐಡಿಯಲ್ಲಿ '@' ಗುರುತಿನ ನಂತರದ ಭಾಗ ನೋಡಿ, ಕೋರಿಕೆ ರೇಡಿಯಸ್ ಸರ್ವರ್‌ಗಳ ಸರಪಳಿ ಹಿಡಿದು ನಿಮ್ಮ ಕಾಲೇಜಿಗೇ ಬರುತ್ತದೆ. ಸರಿಯಾಗಿ ಹೊಂದಿಸಿದ್ದರೆ ನಡುವಿನವರಿಗೆ ಪಾಸ್‌ವರ್ಡ್ ಕಾಣಿಸದು. ಒಂದೇ ಎಚ್ಚರ: ಮೊದಲ ಸಲ ಜೋಡಿಸುವಾಗ ಫೋನು ಸರ್ಟಿಫಿಕೇಟ್ ಬಗ್ಗೆ ಕೇಳಿದರೆ 'ಪರಿಶೀಲಿಸಬೇಡ' ಅನ್ನೋ ಆಯ್ಕೆ ಒತ್ತಬೇಡಿ. ಒತ್ತಿದರೆ ಅದೇ ಹೆಸರಿಟ್ಟುಕೊಂಡ ನಕಲಿ ವೈಫೈಗೂ ನಿಮ್ಮ ಫೋನು ಪಾಸ್‌ವರ್ಡ್ ಒಪ್ಪಿಸಲು ಹೊರಡಬಹುದು.